ಮುಟ್ಟದ ಸುದ್ದಿ

ಹಿಡಕಲ್
೧೮ ನವೆಂಬರ್ ೨೦೨೪

ಗೆಳೆಯ ಶಿದ್ರಾಮ,

ಕಾಗದ ನೋಡಿ ಹುಬ್ಬು ಗಂಟಿಕ್ಕಬೇಡ. ನಿನ್ನ ಫೋನಿನಲ್ಲಿ ನನ್ನ ನಂಬರ್ ಬಂದ್ ಮಾಡಿದ್ದೀಯ. ಬಿಡಾರಕ್ಕೆ ಬಂದರೆ ಎದ್ದು ಕುರಿಗಳ ಹಿಂದೆ ಹೋಗಿಬಿಡುತ್ತೀಯ. ಕಲ್ಲೋಳಿಯ ನಿನ್ನ ಮನೆಗೆ ಬಂದ ಅಂಚೆಯವನನ್ನು ಯಾರೂ ಹಿಂದಕ್ಕೆ ಕಳಿಸುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನೀನು ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವನು. ನನ್ನ ಅಕ್ಷರ ತ್ರಾಸು ಕೊಟ್ಟರೆ ಮಗಳು ಅನ್ನಪೂರ್ಣಾ ಓದಿ ಹೇಳಲಿ.

ದೀಪಾವಳಿಯ ಪಾಡ್ಯದ ದಿನ ನಿನ್ನ ಹಟ್ಟಿಯ ಪೂಜೆಗೆ ನಾನು ಬಾರದೆ ಇದ್ದದ್ದು ಇದೇ ಮೊದಲು. ನಿನ್ನ ಮನೆಯಾಕೆ ಮಾಯವ್ವನಿಗೆಂದು ಗೋಕಾಕದಿಂದ ತಂದ ಕರದಂಟು ಇನ್ನೂ ನಮ್ಮ ಕಪಾಟಿನಲ್ಲಿದೆ. ತಿನ್ನಲು ಮನಸ್ಸಿಲ್ಲ, ಬೇರೆಯವರಿಗೆ ಕೊಡಲೂ ಮನಸ್ಸಿಲ್ಲ.

ಮರಿಗಳು ಹೊಳೆಯ ಪಾಲಾದ ದಿನ ನನ್ನ ಕಡೆ ಏನಾಯಿತೆಂದು ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ದಸರೆಯ ಮರುದಿನ ಘಟ್ಟದ ಮೇಲೆ ಮಳೆ ಜೋರಾಗಿ, ಆಣೆಕಟ್ಟಿನ ಗೇಟು ತೆಗೆಯುತ್ತಾರೆಂದು ನನ್ನ ಹಳೆಯ ಜೊತೆಗಾರರು ಹೇಳಿದ ಕೂಡಲೇ ‘ಹೊಳಿ ಸುದ್ದಿ’ ಗುಂಪಿಗೆ ಹಾಕಿದೆ. ಆಣೆಕಟ್ಟಿನ ಕೆಲಸದಿಂದ ನಿವೃತ್ತನಾದ ಮೇಲೂ ನಾನು ಬಿಡದೆ ಮಾಡಿಕೊಂಡು ಬಂದ ಒಂದೇ ಕೆಲಸ ಅದು. ಊರೊಳಗಿನವರಿಗೆ ಸೈರನ್ ಕೇಳುತ್ತದೆ, ಡಂಗುರ ಕೇಳುತ್ತದೆ. ರೈತರ ಹೊಲಕ್ಕೆ ಗೊಬ್ಬರವಾಗಲೆಂದು ಹೊಳೆದಂಡೆಯಲ್ಲಿ ಕುರಿ ತರುಬಿಕೊಂಡು ಇರುವ ನಿಮಗೆ ಅದು ಕೇಳುವುದಿಲ್ಲವೆಂದೇ ಆ ಗುಂಪು ಮಾಡಿದ್ದೆ. ಸುದ್ದಿ ಬಂದವರೆಲ್ಲ ‘ಮುಟ್ಟಿತು’ ಎಂದು ಒಂದು ಮಾತು ಬರೆಯಲೇಬೇಕು. ಬರೆಯದವನಿಗೆ ಫೋನ್ ಮಾಡುತ್ತೇನೆ, ಫೋನ್ ಎತ್ತದವನ ಬಿಡಾರಕ್ಕೆ ಗಾಡಿ ಹೊಡೆದುಕೊಂಡು ಬರುತ್ತೇನೆ. ಅದು ನನ್ನ ಕಾಯಿದೆ. “ಈ ಮುದುಕನ ಕಾಟ ಸಾಕಾಗೇತಿ, ಲಗೂನ ಮುಟ್ಟಿತು ಅಂತ ಹಾಕ್ರೋ” ಎಂದು ನೀನೇ ಎಲ್ಲರನ್ನೂ ನಗಿಸುತ್ತಿದ್ದೆ.

ಅಂದು ಒಬ್ಬನೂ ‘ಮುಟ್ಟಿತು’ ಎನ್ನಲಿಲ್ಲ. ಹೇಳಲು ಗುಂಪಿನಲ್ಲಿ ಯಾರು ಉಳಿದಿದ್ದರು? ಗಣಪತಿ ಹಬ್ಬದ ಹೊತ್ತಿಗೆ ನನ್ನ ಫೋನಿನೊಳಗೆ ಕಳ್ಳರು ಹೊಕ್ಕು, ನನ್ನ ಹೆಸರಿನಲ್ಲಿ ನಿಮಗೆಲ್ಲ ಸುಳ್ಳು ಮದುವೆ ಕಾರ್ಡು ಕಳಿಸಿ, ಹೆಣ್ಣುಮಕ್ಕಳಿಗೆ ಹೊಲಸು ಚಿತ್ರ ಕಳಿಸಿ, ನನ್ನ ಮುಖಕ್ಕೆ ಮಸಿ ಬಳಿದಿದ್ದರಲ್ಲ. ಎಲ್ಲರೂ ಗುಂಪು ಬಿಟ್ಟಿದ್ದರು, ನನ್ನ ನಂಬರ್ ಬಂದ್ ಮಾಡಿದ್ದರು. ಫೋನಿನ ಅಪ್‌ಡೇಟ್ ಮಾಡಿಕೊಳ್ಳದೆ ನಾನೇ ಆ ಕಳ್ಳರಿಗೆ ಬಾಗಿಲು ತೆರೆದಿಟ್ಟಿದ್ದೆ ಎಂದು ಆಮೇಲೆ ಗೊತ್ತಾಯಿತು.

ನಿನ್ನ ತಮ್ಮ ಮಾಳುವಿನ ಹತ್ತಿರ ಆಗ ಫೋನಿರಲಿಲ್ಲ. ನೀವು ಇಳಿದಿದ್ದ ಹೊಲದ ಒಡೆಯ ಸದಾಶಿವನ ಫೋನೂ ಹತ್ತಲಿಲ್ಲ. ಗಾಡಿ ಹತ್ತಿ ಕೊಣ್ಣೂರಿನ ಕಡೆ ಬಂದೆ. ಬರುವಷ್ಟರಲ್ಲಿ ಕೆಳಗಿನ ಸೇತುವೆ ಮುಳುಗಿತ್ತು. ಈ ದಂಡೆಯಲ್ಲಿ ನಿಂತು ಮಾಳು, ಮಾಳು ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ನಿನ್ನ ತಮ್ಮ ಕಂಬಳಿಯಲ್ಲಿ ಮರಿ ಕಟ್ಟಿಕೊಂಡು ಮೇಲಿನ ಹೊಲಕ್ಕೆ ಓಡುತ್ತಿದ್ದ, ಮತ್ತೆ ನೀರಿಗೆ ಇಳಿಯುತ್ತಿದ್ದ. ಸುತ್ತ ಕಟ್ಟಿದ ಬಲೆಯ ದೊಡ್ಡಿಯೊಳಗಿನ ಮರಿಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಆಮೇಲೆ ಬಲೆಯೇ ಕಾಣಲಿಲ್ಲ. ಸಂಜೆ ನೀನು ಮೇಯಿಸಿದ ತಾಯಿಕುರಿಗಳು ಹಾಲೂಡಿಸಲು ಎಂದಿನಂತೆ ಒದರುತ್ತ ಓಡಿ ಬಂದವು. ನೀನು ಮಾಳುವಿನ ಕೆನ್ನೆಗೆ ಹೊಡೆದದ್ದನ್ನೂ ಈ ದಂಡೆಯಿಂದಲೇ ನೋಡಿದೆ.

ಶಿದ್ರಾಮ, ಮಾಳುವಿನ ತಪ್ಪಿಲ್ಲ. ನನ್ನನ್ನು ಬೈ, ಅವನನ್ನು ಮನೆಗೆ ಕರೆದುಕೊ. ಈ ಕಾಗದ ಸಿಕ್ಕರೆ ಒಂದೇ ಮಾತು ಬರೆ. ಅದೇ ಹಳೆಯ ಮಾತು.

ನಿನ್ನ ದಾರಿ ನೋಡುವ
ಬಸವಲಿಂಗ


ಕಲ್ಲೋಳಿ
೯ ಡಿಸೆಂಬರ್ ೨೦೨೪

ಬಸವಲಿಂಗ ಕಾಕಾ ಅವರಿಗೆ ಅನ್ನಪೂರ್ಣಾಳ ನಮಸ್ಕಾರ.

ಅಪ್ಪ ಉತ್ತರ ಬರೆ ಎಂದಿಲ್ಲ, ಬರೆಯಬೇಡ ಎಂದೂ ಎಂದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಈಗ ಕುರಿ ಊರ ಸಮೀಪವೇ ಇವೆ, ಅಪ್ಪ ಊಟಕ್ಕೆ ಮನೆಗೆ ಬರುತ್ತಾನೆ. ಒಲೆಯ ಮುಂದೆ ಕೂಡಿಸಿ ನಿಮ್ಮ ಕಾಗದ ಓದಿದೆ. ನಿಮ್ಮ ಕಾಟದ ಮಾತು ಬಂದಾಗ ಮೀಸೆಯಲ್ಲೇ ಸ್ವಲ್ಪ ನಕ್ಕ ಹಾಗಾಯಿತು. ಮಾಳು ಕಾಕಾನ ಹೆಸರು ಬಂದ ಕೂಡಲೇ ಎದ್ದ.

“ಸಾಕ ಬಿಡವಾ. ಕುರಿಗೆ ನೀರ ಕುಡಸಬೇಕು” ಅಂದ.

ಕುರಿಗೆ ನೀರು ಕುಡಿಸಿಯೇ ಅವನು ಮನೆಗೆ ಬಂದಿದ್ದ.

ಅವ್ವನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. “ಅಣ್ಣಾರು ಎಂಥಾ ಮನಷ್ಯಾ ಅಂತ ನನಗ ಗೊತ್ತಿಲ್ಲೇನ? ಆದ್ರ ಅವರ ಹೆಸರಿಲೆ ಬಂದ ಆ ಚಿತ್ರ ಕಣ್ಣ ಮುಚ್ಚಿದ್ರೂ ಹೋಗವಲ್ತು” ಎನ್ನುತ್ತಾಳೆ. ನಿಮ್ಮ ಹೆಸರಿನಲ್ಲಿ ಬಂದದ್ದೆಂದು ತಾನೇ ಅವಳು ತೆಗೆದು ನೋಡಿದ್ದು. ಬೇರೆ ಯಾರದಾದರೂ ಆಗಿದ್ದರೆ ಮುಟ್ಟುತ್ತಿರಲಿಲ್ಲ. ಅದಕ್ಕೇ ಅವಳ ಸಂಕಟ ಹೆಚ್ಚು.

ನೀವು ಆ ದಂಡೆಯಿಂದ ಕಂಡದ್ದಷ್ಟೇ ಬರೆದಿದ್ದೀರಿ. ಆಮೇಲಿನದು ನಿಮಗೆ ಗೊತ್ತಿಲ್ಲ. ತಾಯಿಕುರಿಗಳು ಆ ಹೊಲ ಬಿಟ್ಟು ಕದಲಲಿಲ್ಲ. ಬಲೆ ಇದ್ದ ಜಾಗದ ಕೆಸರನ್ನು ಮೂಸುತ್ತ ನಿಂತುಬಿಟ್ಟವು. ಕೆಚ್ಚಲು ಕಟ್ಟಿ ಕಲ್ಲಿನ ಹಾಗಾದವು. ಅವ್ವ ಒಂದೊಂದನ್ನೇ ಹಿಡಿದು ಹಾಲು ಹಿಂಡಿ ಮಣ್ಣಿಗೆ ಬಿಟ್ಟಳು. ಒಂದು ಹನಿಯನ್ನೂ ಮನೆಯವರು ಯಾರೂ ಕುಡಿಯಲಿಲ್ಲ.

ಮಾಳು ಕಾಕಾ ಆ ಸಂಜೆಯೇ ಹೋದವನು. ಮೂಡಲಗಿಯ ಹತ್ತಿರ ಒಂದು ಬೆಲ್ಲದ ಗಾಣದಲ್ಲಿ ಕಬ್ಬು ಹೊರುತ್ತಾನಂತೆ. ಊರಲ್ಲಿ ಮಾತಾಡುವವರಿಗೆ ಏನು ಕಡಿಮೆ? “ಕಾಯಾಕ ಬಿಟ್ರ ನಿದ್ದಿ ಹೊಡದನಂತ” ಎಂದು ಕಟ್ಟೆಯ ಮೇಲೆ ಅಂದದ್ದು ಅವನ ಕಿವಿಗೂ ಬಿದ್ದಿದೆ. ಮರಿ ಕಾಯುತ್ತ ಅವನು ಮಲಗಿದವನಲ್ಲ. ಅದು ಅಪ್ಪನಿಗೂ ಗೊತ್ತು. ಗೊತ್ತಿದ್ದೂ ಯಾಕೆ ಬಾಯಿ ಬಿಡುವುದಿಲ್ಲವೋ ನನಗೆ ತಿಳಿಯದು.

ಒಂದು ಕೇಳಲೇ? ಅಪ್‌ಡೇಟ್ ಮಾಡಲಿಲ್ಲ ಎಂದು ಬರೆದಿದ್ದೀರಿ. ನನ್ನ ಫೋನಿನಲ್ಲೂ ದಿನ ಬೆಳಗಾದರೆ ಅದು ಕೇಳುತ್ತದೆ, ನಾನೂ ಪಕ್ಕಕ್ಕೆ ಸರಿಸುತ್ತೇನೆ. ಅಷ್ಟಕ್ಕೇ ಇಷ್ಟೆಲ್ಲ ಆಗುತ್ತದೆಯೇ? ಇದು ಅಪ್ಪ ಕೇಳಿದ್ದಲ್ಲ, ನಾನೇ ಕೇಳುತ್ತಿದ್ದೇನೆ.

ನಿಮ್ಮ ಮಗಳಂತೆಯೇ ಇರುವ
ಅನ್ನಪೂರ್ಣಾ


ಹಿಡಕಲ್
೨೨ ಡಿಸೆಂಬರ್ ೨೦೨೪

ಮಗಳೇ ಅನ್ನಪೂರ್ಣಾ,

ನಿನ್ನ ಕಾಗದ ಬಂದ ದಿನ ನಾನು ಊಟ ಮಾಡಲಿಲ್ಲ. ಮಣ್ಣಿಗೆ ಬಿಟ್ಟ ಹಾಲು ಕಣ್ಣ ಮುಂದೆಯೇ ಇತ್ತು. ನೀನು ಕೇಳಿದ್ದಕ್ಕೆ ಇಂದು ಉತ್ತರ ಬರೆಯಲು ಕುಳಿತಿದ್ದೇನೆ.

ನನ್ನ ಮಗಳು ದೀಪಾ ಹುಕ್ಕೇರಿಯಿಂದ ಬಂದಾಗಲೆಲ್ಲ ನನ್ನ ಫೋನು ತೆಗೆದುಕೊಂಡು ನೋಡುತ್ತಿದ್ದಳು. “ಅಪ್ಪಾ, ಅಪ್‌ಡೇಟ್ ಎಷ್ಟ ದಿನದಿಂದ ಹಂಗ ಬಿದ್ದೇತಿ, ಮಾಡ್ಕೋರಿ” ಎನ್ನುತ್ತಿದ್ದಳು. “ಮಾಡ್ತೇನಿ ತಗೋ” ಎಂದು ನಾನು ‘ನಂತರ’ ಎಂಬುದನ್ನು ಒತ್ತುತ್ತಿದ್ದೆ. ಸೋಮಾರಿತನದಿಂದಲ್ಲ, ನಂಬು. ಅದನ್ನು ಮಾಡಲು ಹಚ್ಚಿದರೆ ಫೋನು ಸುಮಾರು ಹೊತ್ತು ಬಂದ್ ಆಗುತ್ತದೆ. ಆ ಹೊತ್ತಿನಲ್ಲೇ ಗೇಟು ತೆಗೆದರೆ ನಿಮ್ಮಪ್ಪನಿಗೆ ಯಾರು ಹೇಳಬೇಕು? ಮಳೆಗಾಲವೆಲ್ಲ ಇದೇ ನೆವ. ಮಳೆಗಾಲ ಮುಗಿದ ಮೇಲಾದರೂ ಮಾಡಿದೆನೇ? ಆಗ ಚೆನ್ನಾಗಿ ನಡೆಯುತ್ತಿರುವ ಫೋನನ್ನು ಯಾಕೆ ಕೆಣಕಬೇಕು ಎಂದುಕೊಂಡೆ. ಅಪ್‌ಡೇಟ್ ಎಂದರೆ ಹೊಸ ಬಣ್ಣ, ಹೊಸ ಚಿತ್ರ, ಪ್ಯಾಟೆ ಮಂದಿಯ ಷೋಕಿ ಎಂದು ನನ್ನ ತಲೆಯಲ್ಲಿತ್ತು.

ಕಳ್ಳರು ಹೊಕ್ಕ ಮೇಲೆ ಪೊಲೀಸರ ಕಡೆ ಹೋದೆ. ಅಲ್ಲಿ ಇಂಥ ಕಳವುಗಳನ್ನೇ ನೋಡುವ ಒಬ್ಬ ಹೆಣ್ಣುಮಗಳಿದ್ದಳು. ನಾನು ಯಾವ ಲಿಂಕನ್ನೂ ಒತ್ತಿಲ್ಲ, ಯಾರಿಗೂ ಗುಟ್ಟಿನ ನಂಬರ್ ಹೇಳಿಲ್ಲ ಎಂದು ಆಣೆ ಮಾಡಿದೆ.

“ಖರೆ ಕಾಕಾರ, ಒತ್ತಬಾರದ್ದನ್ನ ನೀವು ಒತ್ತಿಲ್ಲ. ಒತ್ತಬೇಕಾದ್ದನ್ನೂ ಒತ್ತಿಲ್ಲ” ಅಂದಳು.

ಆಮೇಲೆ ತಿಳಿಸಿ ಹೇಳಿದಳು. ನನ್ನ ಫೋನಿನ ಒಳಗಿನ ವ್ಯವಸ್ಥೆಯಲ್ಲಿ ಒಂದು ಸಣ್ಣ ತೂತು ಇತ್ತಂತೆ. ಯಾರೋ ಕಳಿಸಿದ ಒಂದು ಫೋಟೋ ತಾನಾಗಿ ಇಳಿದು ಆ ತೂತಿನಿಂದ ಒಳಗೆ ಸೇರಿಕೊಂಡಿತು. ಫೋನು ಮಾಡಿದ ಕಂಪನಿಯವರಿಗೆ ಆ ತೂತು ಮೊದಲೇ ಸಿಕ್ಕಿತ್ತು. ಮುಚ್ಚುವ ತೇಪೆಯನ್ನು ಶ್ರಾವಣದಲ್ಲೇ ಎಲ್ಲರಿಗೂ ಕಳಿಸಿದ್ದರು. ಆ ತೇಪೆಯೇ ಅಪ್‌ಡೇಟ್. ಇಲ್ಲಿ ಸೋರುತ್ತದೆ, ಮುಚ್ಚಿಕೊಳ್ಳಿ ಎಂದು ಡಂಗುರ ಹೊಡೆದ ಮೇಲೆ ಕಳ್ಳನಿಗೂ ಜಾಗ ಗೊತ್ತಾಗುತ್ತದೆ. ಮುಚ್ಚಿಕೊಂಡವರ ಮನೆ ಬಿಟ್ಟು, ಮುಚ್ಚದವರ ಮನೆ ಹುಡುಕುತ್ತಾನೆ. ನಾನು ಮುಚ್ಚದವನು.

ಅನ್ನಪೂರ್ಣಾ, ನಾನು ಇಡೀ ನೌಕರಿ ಆ ಗೇಟುಗಳ ಕೆಳಗೆ ಕಳೆದವನು. ಬೇಸಿಗೆಯಲ್ಲಿ ನೀರು ಇಳಿದಾಗ ಗೇಟಿನ ರಬ್ಬರ್ ಪಟ್ಟಿ ನೋಡುವುದು, ಗ್ರೀಸ್ ಹಚ್ಚುವುದು, ಬೆರಳು ಹಿಡಿಸುವಷ್ಟು ಸಂದಿ ಕಂಡರೂ ಬರೆದು ಮೇಲಿನವರ ಬೆನ್ನು ಹತ್ತುವುದು. “ಗೇಟ್ ಛಲೋ ನಡದಾವಲ್ಲೋ ಬಸವಲಿಂಗ, ಸುಮ್ಮನಿರು” ಎಂದವರ ಜೊತೆ ಜಗಳಾಡಿದ್ದೇನೆ. ಅದೇ ನಾನು ಕೈಯಲ್ಲಿದ್ದ ಫೋನಿಗೆ ಅದೇ ಮಾತು ಅಂದೆ. ಇದನ್ನು ನೆನೆಸಿಕೊಂಡಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹೋದದ್ದು ನನ್ನ ಫೋನು ಮಾತ್ರವಾಗಿದ್ದರೆ ಇಷ್ಟು ಕೊರಗುತ್ತಿರಲಿಲ್ಲ. ನನ್ನ ಫೋನಿನೊಳಗೆ ನೀವೆಲ್ಲ ಇದ್ದಿರಿ. ಕಳ್ಳನಿಗೆ ಬೇಕಾಗಿದ್ದದ್ದು ನನ್ನ ಹೆಸರು, ಯಾಕೆಂದರೆ ಅದನ್ನು ನೀವು ನಂಬುತ್ತಿದ್ದಿರಿ.

ನೀನು ನಿನ್ನ ಫೋನಿನ ಅಪ್‌ಡೇಟ್ ಇವತ್ತೇ ಮಾಡಿಕೊ. ಅಪ್ಪನದನ್ನೂ ಅವ್ವನದನ್ನೂ ಮಾಡು. ತಿಳಿಯದಿದ್ದರೆ ದೀಪಾಳಿಗೆ ಫೋನ್ ಮಾಡು, ಅವಳ ನಂಬರ್ ಕೆಳಗೆ ಬರೆದಿದ್ದೇನೆ. ಮಾಳುವಿನ ಸುದ್ದಿ ತಿಳಿಸುತ್ತಿರು.

ನಿನ್ನ
ಬಸವಲಿಂಗ ಕಾಕಾ


ಕಲ್ಲೋಳಿ
೪ ಫೆಬ್ರುವರಿ ೨೦೨೫

ಬಸವಲಿಂಗ ಕಾಕಾ,

ತಡವಾಯಿತು, ಬೈಯಬೇಡಿ. ಕಾಲೇಜಿನ ಪರೀಕ್ಷೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಬರೆಯಬೇಕೋ ಬೇಡವೋ ಎಂಬ ಗೊಂದಲವಿತ್ತು.

ನಿಮ್ಮ ಕಾಗದವನ್ನು ಈ ಸಲ ಅಪ್ಪ ಪೂರ್ತಿ ಕೇಳಿದ. ಗೇಟಿನ ಗ್ರೀಸಿನ ಮಾತು ಬಂದಾಗ ತಲೆಯಾಡಿಸಿದ. “ಅವಾ ಖರೇನ ಹಂಗ ಜಗಳಾ ಆಡತಿದ್ದ. ಒಬ್ಬ ಸಾಹೇಬಗ ಗೇಟಿನ ತೆಳಗ ನಿಂದ್ರಿಸಿ ಸೋರೂದ ತೋರಿಸಿದ್ದ, ಸಾಹೇಬನ ಅಂಗಿ ಎಲ್ಲಾ ತೊಯ್ದಿತ್ತು” ಎಂದ. ಬಹಳ ದಿನದ ಮೇಲೆ ನಿಮ್ಮ ಬಗ್ಗೆ ಅವನ ಬಾಯಲ್ಲಿ ಅಷ್ಟು ಮಾತು ಬಂದದ್ದು. ನಾನು ಆಸೆಯಿಂದ, ಹಾಗಾದರೆ ಒಂದು ಸಾಲು ಬರೆಯಲೇ ಎಂದೆ.

“ಬ್ಯಾಡ. ಬರದ್ರ ಮರಿ ಎದ್ದ ಬರ್ತಾವೇನ?” ಅಂದ.

ದೀಪಾ ಅಕ್ಕನಿಗೆ ಫೋನ್ ಮಾಡಿದ್ದೆ. ಬಹಳ ತಾಳ್ಮೆಯಿಂದ ಹೇಳಿಕೊಟ್ಟರು. ನನ್ನ ಫೋನು, ಅಪ್ಪನದು, ಎರಡರದೂ ಮಾಡಿದೆ. ಅವ್ವನ ಹಳೆಯ ಫೋನಿಗೆ ಇನ್ನು ಅಪ್‌ಡೇಟ್ ಬರುವುದೇ ಇಲ್ಲವಂತೆ, ಅದರಲ್ಲಿ ಇನ್ನು ಬರೀ ಮಾತಾಡಬೇಕು, ಬ್ಯಾಂಕಿನದು ಏನೂ ಇಡಬಾರದು ಎಂದರು. ಅಪ್ಪ ಕಂಬಳಿ ಹೊದ್ದು ಪಕ್ಕದಲ್ಲೇ ಕೂತು, ಪರದೆಯ ಮೇಲೆ ಗೆರೆ ತುಂಬುವುದನ್ನು ಕುರಿ ಈಯುವುದನ್ನು ಕಾಯುವವರ ಹಾಗೆ ನೋಡುತ್ತಿದ್ದ. “ಮುಗೀತೇನ? ಇಷ್ಟಽ?” ಎಂದು ಕೇಳಿದ. ಹೌದು ಎಂದೆ.

ಈಗ ಗೊಂದಲದ ವಿಷಯ. ದೀಪಾ ಅಕ್ಕನ ಹೆಸರನ್ನು ಅಪ್ಪನ ಫೋನಿನಲ್ಲಿ ಹಾಕಿಟ್ಟೆ. ಹಾಕಿದ ಕೂಡಲೇ ಹಳೆಯ ಕರೆಗಳ ಸಾಲಿನಲ್ಲೂ ಅವರ ಹೆಸರು ಎದ್ದು ಬಂತು. ದಸರೆಯ ಮರುದಿನದ ಕರೆಗಳು ಅವು. ಒಂದಾದ ಮೇಲೊಂದು ಬಂದಿವೆ, ಎಲ್ಲವನ್ನೂ ಈ ಕಡೆಯಿಂದ ಕಟ್ ಮಾಡಿದ್ದಾರೆ. ಆ ದಿನ ಫೋನು ಅಪ್ಪನ ಹತ್ತಿರ ಇತ್ತು, ಕುರಿಯ ಜೊತೆ ಮೇಲಿನ ಗುಡ್ಡದಲ್ಲಿ. ದೀಪಾ ಅಕ್ಕ ಹಬ್ಬಕ್ಕೆ ನಿಮ್ಮ ಮನೆಗೆ ಬಂದಿದ್ದರೆಂದು ಅವರೇ ಮಾತಿನಲ್ಲಿ ಹೇಳಿದರು.

ಕಾಕಾ, ಆ ಕರೆ ಮಾಡಿದ್ದು ನೀವೇ ಅಲ್ಲವೇ? ಮೊದಲ ಕಾಗದದಲ್ಲಿ ಸದಾಶಿವ ಕಾಕಾನ ಫೋನು ಹತ್ತಲಿಲ್ಲವೆಂದು ಬರೆದಿರಿ. ಇದನ್ನು ಬರೆಯಲಿಲ್ಲ ಯಾಕೆ?

ಅನ್ನಪೂರ್ಣಾ


ಹಿಡಕಲ್
೧೫ ಫೆಬ್ರುವರಿ ೨೦೨೫

ಮಗಳೇ,

ನೀನು ಜಾಣೆ. ಜಾಣೆಯಾದವಳು ಕೆಲವು ಕಡೆ ಕೈ ಹಾಕದೆ ಬಿಡುವುದನ್ನೂ ಕಲಿಯಬೇಕು.

ಗಣಪತಿ ಹಬ್ಬದ ಆ ಹೊಲಸೆಲ್ಲ ಆದ ಮೇಲೆ ನಾನು ಮಾಡಿದ ಮೊದಲ ಕೆಲಸ ಏನೆಂದು ನಿನಗೆ ನೆನಪಿದೆಯೇ? ಕುರಿಗಾರರ ಬಿಡಾರ ಬಿಡಾರಕ್ಕೆ ತಿರುಗಿ ಕೈಮುಗಿದು ಹೇಳಿದೆ. “ನನ್ನ ಹೆಸರಿಲೆ ಏನ ಬಂದ್ರೂ ನಂಬಬ್ಯಾಡ್ರಿ. ಗುರುತಿಲ್ಲದ ನಂಬರ್ ಬಂದ್ರ ಎತ್ತಬ್ಯಾಡ್ರಿ, ಕಟ್ ಮಾಡ್ರಿ” ಎಂದೆ. ನಿಮ್ಮಪ್ಪನ ಮುಂದೆಯೂ ಹೇಳಿದೆ. ಸಿಟ್ಟಿನಿಂದ ನೆಲ ನೋಡುತ್ತಿದ್ದನಾದರೂ ಕೇಳಿಸಿಕೊಂಡಿದ್ದ. ಆ ದಿನ ಯಾರಾದರೂ ಗುರುತಿಲ್ಲದ ನಂಬರ್ ಕಟ್ ಮಾಡಿದ್ದರೆ, ನಾನು ಹೇಳಿದಂತೆಯೇ ನಡೆದುಕೊಂಡಿದ್ದಾರೆ. ಅದರಲ್ಲಿ ತಪ್ಪೇನಿದೆ?

ಇನ್ನು ಆ ಕರೆಗಳನ್ನು ಅಪ್ಪನಿಗೆ ತೋರಿಸಬೇಡ. ಅವ್ವನಿಗೂ ಹೇಳಬೇಡ.

ನನ್ನ ಫೋನಿನ ಸುದ್ದಿ ಹೇಳುತ್ತೇನೆ. ಎಲ್ಲ ಅಳಿಸಿ ಹೊಸದಾಗಿ ಮಾಡಿಸಿದ್ದೇನೆ. ಈಗ ಅಪ್‌ಡೇಟ್ ಬಂದರೆ ಅದೇ ದಿನ ಮಾಡುತ್ತೇನೆ. ಅಷ್ಟು ಹೊತ್ತು ಪಕ್ಕದ ಮನೆಯ ಉದ್ದವ್ವನ ಫೋನನ್ನು ಮುಂದೆ ಇಟ್ಟುಕೊಂಡು, ಗೇಟಿನ ಸುದ್ದಿ ಬಂದರೆ ಅದಕ್ಕೆ ತಿಳಿಸಿ ಎಂದು ಜೊತೆಗಾರರಿಗೆ ಹೇಳಿರುತ್ತೇನೆ. ಉದ್ದವ್ವ ಚಹಾ ಕುಡಿಯುತ್ತ ನನ್ನನ್ನೇ ಕಾಯುತ್ತಾಳೆ. ಇಷ್ಟು ಸುಲಭದ ಉಪಾಯ ಆಗ ಯಾಕೆ ಹೊಳೆಯಲಿಲ್ಲವೋ. ಪ್ರತಿ ಸಲ ಅದು ಮುಗಿದಾಗಲೂ ನನಗೆ ಸಮಾಧಾನವಾಗುವ ಬದಲು ಅಳು ಬರುತ್ತದೆ.

ಮಾಳುವಿಗೆ ಎರಡು ಕಾಗದ ಬರೆದೆ, ಉತ್ತರವಿಲ್ಲ. ಗಾಣಕ್ಕೂ ಹೋಗಿದ್ದೆ. ಕಬ್ಬಿನ ಹೊರೆ ಇಳಿಸಿ, “ಕಾಕಾ, ನೀವ ಹೋಗ್ರಿ. ಎಲ್ಲಾರೂ ನೋಡಾಕತ್ತಾರ” ಅಂದ. ಬಂದುಬಿಟ್ಟೆ.

ಬಸವಲಿಂಗ ಕಾಕಾ


ಕಲ್ಲೋಳಿ
೨೦ ಸೆಪ್ಟೆಂಬರ್ ೨೦೨೫

ಬಸವಲಿಂಗ ಕಾಕಾ,

ಇಷ್ಟು ತಿಂಗಳು ಬರೆಯದೆ ಇದ್ದದ್ದಕ್ಕೆ ಕಾರಣ ನೀವೇ ಕೊಟ್ಟ ಕೆಲಸ. ಒಂದು ವಿಷಯವನ್ನು ಮನಸ್ಸಿನಲ್ಲಿ ಬಚ್ಚಿಟ್ಟುಕೊಂಡು ಉಳಿದ ವಿಷಯ ಬರೆಯುವುದು ನನಗೆ ಬರುವುದಿಲ್ಲ. ನೀವು ಹೇಳಿದಂತೆ ಯಾರಿಗೂ ತೋರಿಸಿಲ್ಲ. ಆದರೆ ಒಂದು ಹೇಳುತ್ತೇನೆ. ಅಪ್ಪ ಒಬ್ಬನೇ ಇದ್ದಾಗ ಫೋನು ತೆಗೆದು ಆ ಹಳೆಯ ಕರೆಗಳನ್ನು ನೋಡುವುದನ್ನು ನಾನು ನೋಡಿದ್ದೇನೆ. ದೀಪಾ ಅಕ್ಕನ ಹೆಸರು ಹಾಕಿದವಳು ನಾನೇ. ಹಾಕದೆ ಇದ್ದಿದ್ದರೆ ಅದು ಯಾರೋ ಕಳ್ಳರ ನಂಬರ್ ಎಂದೇ ಅವನು ಸಮಾಧಾನದಿಂದ ಇರುತ್ತಿದ್ದನೇನೋ.

ಮುಂದಿನ ತಿಂಗಳು ಕುರಿ ಮತ್ತೆ ಸದಾಶಿವ ಕಾಕಾನ ಹೊಳೆದಂಡೆಯ ಹೊಲಕ್ಕೆ ಇಳಿಯುತ್ತವೆ. ಗೋವಿನಜೋಳ ಕಟಾವಾದ ಮೇಲೆ ಅಲ್ಲಿಗೇ ಹೋಗುವುದು ನಮ್ಮ ಮುತ್ತ್ಯಾನ ಕಾಲದಿಂದ ಬಂದ ಮಾತು. ಅವ್ವ ಬೇಡವೆಂದು ಅತ್ತಳು. “ಕೊಟ್ಟ ಮಾತ ಹೆಂಗ ಮುರೀಲಿ?” ಎಂದ ಅಪ್ಪ. ಈ ಸಲವೂ ಸಣ್ಣ ಮರಿಗಳಿವೆ. ಕಾಯಲು ಮಾಳು ಕಾಕಾ ಇಲ್ಲ, ಅವ್ವನೇ ಇರುತ್ತಾಳೆ.

ನಿನ್ನೆ ಅಪ್ಪನ ಎದುರೇ ಅವನ ಫೋನಿನಲ್ಲಿ ನಿಮ್ಮ ನಂಬರಿನ ಬಂದ್ ತೆಗೆದೆ. ಅವನು ತಡೆಯಲಿಲ್ಲ. ‘ಹೊಳಿ ಸುದ್ದಿ’ಗೆ ಅವನನ್ನು ಸೇರಿಸಿಕೊಳ್ಳಿ. ಉತ್ತರ ಬರೆಯುತ್ತಾನೆಂದು ಮಾತ್ರ ನಾನು ಮಾತು ಕೊಡಲಾರೆ.

ಅನ್ನಪೂರ್ಣಾ


ಹಿಡಕಲ್
೨೬ ಅಕ್ಟೋಬರ್ ೨೦೨೫

ಶಿದ್ರಾಮ,

ಮೊನ್ನೆ ಗೇಟು ತೆಗೆದರು. ಸುದ್ದಿ ತಿಳಿದ ಗಳಿಗೆಯಲ್ಲೇ ಗುಂಪಿಗೆ ಹಾಕಿದೆ. ಗುಂಪಿಗೆ ತಿರುಗಿ ಬಂದವರು ಬೆರಳೆಣಿಕೆಯ ಮಂದಿ. ಕುರಿಗಾರ ಯಲ್ಲಾರಿ ‘ಮುಟ್ಟಿತು’ ಎಂದು ಹಾಕಿದ, ಇನ್ನೊಬ್ಬನೂ ಹಾಕಿದ. ನಿನ್ನದು ಬರಲಿಲ್ಲ. ಫೋನ್ ಮಾಡಿದೆ, ಹತ್ತಿತು, ಎತ್ತಲಿಲ್ಲ. ನನ್ನ ಕಾಯಿದೆ ನಿನಗೆ ಗೊತ್ತೇ ಇದೆ. ಗಾಡಿ ಹತ್ತಿದೆ.

ಮತ್ತೆ ಅದೇ ದಂಡೆ, ಅದೇ ಮುಳುಗಿದ ಸೇತುವೆ. ಆ ಕಡೆ ನೋಡಿದರೆ ಬಲೆ ಇರಲಿಲ್ಲ, ಮರಿಗಳಿರಲಿಲ್ಲ, ಬಿಡಾರದ ಗುರುತೂ ಇರಲಿಲ್ಲ. ನೀರು ಹೊಲದ ಅರ್ಧಕ್ಕೆ ಏರಿತ್ತು. ನೀನು ಒಯ್ದೆಯೋ, ಹೊಳೆಯೇ ಒಯ್ದಿತೋ ತಿಳಿಯಲಿಲ್ಲ. ಶಿದ್ರಾಮಾ ಎಂದು ಕೂಗಿದೆ. ಮಾಯವ್ವಾ ಎಂದು ಕೂಗಿದೆ. ಯಾರೂ ಓ ಅನ್ನಲಿಲ್ಲ. ನಾನು ಕೂಗುವುದನ್ನು ಬಿಟ್ಟು ನೆಲಕ್ಕೆ ಕುಳಿತೆ.

ಅಷ್ಟರಲ್ಲಿ ಮೇಲಿನ ಹೊಲದ ಕಡೆಯಿಂದ ಒಂದು ಮರಿ ಒದರಿತು. ಒಂದೇ ಒಂದು ಸಲ. ಅದರ ಹಿಂದೆ ಉಳಿದವೂ ದನಿ ತೆಗೆದವು. ಇವೆ ಎಂದು ತಿಳಿದು ಅಲ್ಲಿಯೇ ಅತ್ತುಬಿಟ್ಟೆ. ಮುಖ ತೊಳೆದುಕೊಂಡು ಮನೆಗೆ ಬಂದೆ.

ನೀನು ಉತ್ತರ ಬರೆಯದಿದ್ದರೂ ಅಡ್ಡಿಯಿಲ್ಲ. ಸುದ್ದಿ ಕಳಿಸುವುದನ್ನು ನಾನು ಬಿಡುವುದಿಲ್ಲ. ಇನ್ನು ಮುಂದೆ ನಿನ್ನ ‘ಮುಟ್ಟಿತು’ಗಾಗಿ ನಿನ್ನನ್ನು ಕಾಡುವುದಿಲ್ಲ. ಅದನ್ನು ಕೇಳುವ ಮುಖ ನನಗೆ ಉಳಿದಿಲ್ಲ. ಪ್ರತಿ ಸಲ ಆ ದಂಡೆಗೆ ಬಂದು ನೋಡಿ ಹೋಗುತ್ತೇನೆ, ಅಷ್ಟೇ.

ಬಸವಲಿಂಗ


ಕಲ್ಲೋಳಿ
೨ ನವೆಂಬರ್ ೨೦೨೫

ಬಸವಲಿಂಗಗ,

ಮೊದಲ ಬರೀಬೇಕಾದ್ದು ಮೊದಲ ಬರೀತೇನಿ. ಸುದ್ದಿ ಮುಟ್ಟಿತು.

ಅನ್ನಪೂರ್ಣಾ ಬರಕೊಡತೇನಿ ಅಂದ್ಲು. ನಾನ ಬರೀತೇನಿ ಅಂದೆ. ಅಕ್ಷರ ಸೊಟ್ಟ ಅದಾವು, ನೀ ಓದಕೋತಿ.

ನಿನ್ನ ಸುದ್ದಿ ಬಂದಾಗ ಫೋನ್ ಕೈಯಾಗ ಇತ್ತು. ಬಸವಲಿಂಗ ಅಂತ ಹೆಸರ ನೋಡಿದೆ, ಮತ್ತೇನೂ ವಿಚಾರ ಮಾಡಲಿಲ್ಲ. ನಾನೂ ಮಾಯವ್ವಾನೂ ಮರಿ ಎಲ್ಲಾ ಮ್ಯಾಲ ಒಯ್ದಿವಿ. ಎಲ್ಲಾ ಅದಾವು. ಆಮ್ಯಾಲ ಮುಟ್ಟಿತು ಅಂತ ಹಾಕಬೇಕಂದ್ರ ಬೆರಳ ಏಳಲಿಲ್ಲ. ನೀ ಫೋನ್ ಮಾಡಿದಿ. ಹ್ವಾದ ವರ್ಷಾನೂ ಇದ ಫೋನ್ ಹಿಂಗ ಬಾರಿಸಿತ್ತು. ಕಟ್ ಮಾಡಿದೆ, ಮತ್ತ ಬಾರಿಸ್ತು, ಮತ್ತ ಕಟ್ ಮಾಡಿದೆ. ಸಂಜಿಕ ಹೋಗಿ ಮಾಳೂಗ ಹೊಡದೆ. ಇದೆಲ್ಲಾ ನಿನಗ ಗೊತ್ತಿತ್ತು. ಇಷ್ಟ ಕಾಗದ ಬರದಿ, ಇದೊಂದ ಬರೀಲಿಲ್ಲ. ಅದನ್ನ ಬರದಿದ್ರ ನಿನ್ನ ಕೂಡ ಜಗಳಾ ತಗೀತಿದ್ದೆ. ಮನಸ ಹಗರ ಆಕ್ಕಿತ್ತು.

ನೀ ಆ ದಂಡಿಗಿ ನಿಂತು ಕೂಗಿದ್ದು ಕೇಳಿಸ್ತು. ಓ ಅನ್ನಾಕ ಬಾಯಿ ಬರಲಿಲ್ಲ. ನೀ ನೆಲಕ್ಕ ಕುಂತದ್ದ ನೋಡಿದೆ. ಮರಿ ತಾನಾಗಿ ಒದರಲಿಲ್ಲ. ನಾನ ಅದರ ಕಿವಿ ಹಿಂಡಿದೆ, ನಿನಗ ಕೇಳಲಿ ಅಂತ.

ದೀಪಾವಳಿಗೆ ಮಾಳೂನ ಕರಿಯಾಕ ಹೋಗಿದ್ದೆ. ಮಾರಿ ಎತ್ತಲಿಲ್ಲ. ತಪ್ಪಾತು ಅಂದೆ, ನಿಂದಲ್ಲ ನಂದ ಅಂದೆ. “ಕುರಿ ಮಾತ ಬ್ಯಾಡ ಅಣ್ಣಾ” ಅಂದು ಒಳಗ ಹ್ವಾದ. ಈಗ ಅವಾ ಫೋನ್ ತಗೊಂಡಾನ, ಅವನ ನಂಬರ್ ಈ ಕಾಗದದ ಹಿಂದ ಬರದೇನಿ. ಹೊಳಿ ಸುದ್ದಿಯೊಳಗ ಅವನ್ನೂ ಹಾಕು. ಕುರಿ ಕಾಯಂಗಿಲ್ಲ, ಆದ್ರೂ ಹಾಕು. ಈ ಸಲ ಸುದ್ದಿ ಬಂದಿತ್ತು, ಮರಿ ಉಳದಾವು ಅಂತ ಅವಗ ತಿಳಸು. ನಾ ಹೇಳಿದ್ರ ಕೇಳವಲ್ಲ. ನಿನ್ನ ಹೆಸರಿಲೆ ಬಂದ್ರ ನಂಬತಾನ.

ಶಿದ್ರಾಮ